ಹೆಡ್‌ಲೈಟ್ ಹಾಕಿದರೆ ಸೊರಗುವ ಎಂಜಿನ್

ಹಗಲು ಹೊತ್ತು ನಮ್ಮ ಪಿಕಪ್‌ಗೆ ಅಂಥ ದೊಡ್ಡ ಕಾಯಿಲೆ ಕಾಣುತ್ತಿರಲಿಲ್ಲ. ಕತ್ತಲಾಗಿ ಹೆಡ್‌ಲೈಟ್ ಹಾಕಿದ ತಕ್ಷಣ ಎಂಜಿನ್ ಸೊರಗುತ್ತಿತ್ತು. ಐಡಲ್‌ನಲ್ಲಿ ಗಡಗಡ ನಡುಗುತ್ತಿತ್ತು. ಏರಿನಲ್ಲಿ ಎಷ್ಟು ತುಳಿದರೂ ಟರ್ಬೊದ ಎಳೆತ ಬರುತ್ತಿರಲಿಲ್ಲ. ಮಳೆಗೆ ವೈಪರನ್ನೂ ಹಾಕಿದರೆ ಮುಗೀತು. ಹೋದ ಜುಲೈಯಲ್ಲಿ ಒಂದು ರಾತ್ರಿ ಚಾರ್ಮಾಡಿ ಘಾಟಿಯ ತಿರುವಿನಲ್ಲೇ ಆಫ್ ಆಗಿ ನಿಂತಿತು. ಸುತ್ತ ಮಂಜು, ಹಿಂದೆ ಬಸ್ಸು, ಪಕ್ಕದ ಸೀಟಿನಲ್ಲಿ ಅಮ್ಮ. ಹೆಡ್‌ಲೈಟ್ ಆರಿಸಿ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೊರಟಿತು. ಲೈಟ್ ಹಾಕಿದೆ, ಮತ್ತೆ ನಡುಕ. ಆ ರಾತ್ರಿ ಬಸ್ಸನ್ನು ಮುಂದೆ ಬಿಟ್ಟು, ಹಜಾರ್ಡ್ ಲೈಟಿನಲ್ಲೇ ಅದರ ಹಿಂದೆ ತೆವಳಿಕೊಂಡು ಕೊಟ್ಟಿಗೆಹಾರ ಸೇರಿದೆವು. ಇದನ್ನು ನಾನೇ ಬಿಚ್ಚಿ ನೋಡುವವರೆಗೆ ಇನ್ನು ಘಾಟಿ ಇಳಿಸುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಈ ಪಿಕಪ್ ಅಪ್ಪ 2001ರಲ್ಲಿ ತಗೊಂಡಿದ್ದು. ಮಹೀಂದ್ರ, 2523 ಸಿಸಿ ಡಿಐ ಎಂಜಿನ್. ಕಾಫಿ ಮೂಟೆ, ಗೊಬ್ಬರ, ಮೆಣಸು, ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಹೊತ್ತಿದೆ. ಎರಡು ಸಲ ಬೋರ್ ಮಾಡಿಸಿದ ಮೇಲೆ ಬ್ಲಾಕ್ ಬಿರುಕು ಬಿಟ್ಟಿತು. ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಅಪಘಾತವಾದ ಒಂದು ಸ್ಕಾರ್ಪಿಯೊದ 2609 ಸಿಸಿ ಸಿಆರ್‌ಡಿಇ, ಅಂದರೆ ಕಾಮನ್ ರೈಲ್ ಡೀಸೆಲ್, ಟರ್ಬೊ ಎಂಜಿನ್ ಸಿಕ್ಕಿತು. ಅದನ್ನು ಕೂರಿಸಿಕೊಡಲು ಒಂದು ಗ್ಯಾರೇಜಿಗೆ ಕೊಟ್ಟೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಸೇರಿಸಿದ್ದೂ ಆಯಿತು. ಇದನ್ನು ಯಾರೂ ತಪ್ಪಿಸಬೇಡಿ, ಇನ್ಶೂರೆನ್ಸ್ ಕ್ಲೇಮ್ ಬಂದಾಗ ಅದು ಬೇಕೇ ಬೇಕು.

ಕಬ್ಬಿಣದ ಕೆಲಸ ಅವರು ಚೆನ್ನಾಗಿಯೇ ಮಾಡಿದ್ದರು. ಮೌಂಟಿಂಗ್, ಕ್ಲಚ್, ಇಂಟರ್‌ಕೂಲರ್ ಪೈಪು, ಯಾವುದರಲ್ಲೂ ತಪ್ಪು ಹುಡುಕಲಾರೆ. ಕೆಟ್ಟಿದ್ದು ವೈರಿಂಗ್. ಹಳೇ ಎಂಜಿನ್‌ಗೆ ಸ್ಟಾರ್ಟರ್‌ಗೊಂದು, ಡೀಸೆಲ್ ಬಿಡುವ ಸೊಲೆನಾಯ್ಡ್‌ಗೊಂದು ವೈರ್ ಇದ್ದರೆ ಸಾಕಿತ್ತು. ಕಾಮನ್ ರೈಲ್ ಹಾಗಲ್ಲ. ಪಂಪ್ ಒತ್ತಿ ತುಂಬಿದ ಡೀಸೆಲ್ ರೈಲ್ ಅನ್ನುವ ಗಟ್ಟಿ ಪೈಪಿನಲ್ಲಿ ಕಾದಿದ್ದು, ಇಂಜೆಕ್ಟರ್‌ಗಳ ಮೂಲಕ ಎಂಜಿನ್‌ಗೆ ಹೋಗುತ್ತದೆ. ಪ್ರತಿ ಹನಿ ಡೀಸೆಲ್ ಯಾವಾಗ, ಎಷ್ಟು ಅಂತ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಸೆನ್ಸರ್‌ಗಳ ಮಾತೇ ಆಧಾರ.

ಘಾಟಿಗೆ ಮೊದಲೇ ಮೂರು ಕಡೆ ತೋರಿಸಿದ್ದೆ. ಸ್ಕ್ಯಾನರ್ ಹಾಕಿದರೆ ತಪ್ಪು ತೋರಿಸುವ ಒಂದು ಕೋಡೂ ಇಲ್ಲ. ಇಬ್ಬರು ಇಂಜೆಕ್ಟರ್ ಹೋಗಿದೆ ಅಂದರು, ಒಬ್ಬರು ಪಂಪ್ ಅಂದರು. ಹೆಡ್‌ಲೈಟಿಗೂ ಇಂಜೆಕ್ಟರ್‌ಗೂ ಏನು ಸಂಬಂಧ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ತೋಟಕ್ಕೆ ವಾಪಸ್ ಬರುವ ಮೊದಲು ಪೀಣ್ಯದಲ್ಲಿ ಆರು ವರ್ಷ ಯುಪಿಎಸ್ ರಿಪೇರಿ ಮಾಡಿದ್ದೆ. ಒಂದು ಲೋಡ್ ಹಾಕಿದಾಗ ಸಂಬಂಧವೇ ಇಲ್ಲದ ಇನ್ನೊಂದು ಕೆಡುತ್ತದೆ ಅಂದರೆ ಮೊದಲು ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ನೋಡು ಅಂತ ಅಲ್ಲಿ ಕಲಿತಿದ್ದೆ.

ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಹೊಟ್ಟೆ ಉರಿಯಿತು. ಹೊಸದಾಗಿ ಎಳೆದ ವೈರೆಲ್ಲ ಕೆಂಪು. ಅರ್ತ್ ವೈರೂ ಕೆಂಪು. ಜಾಯಿಂಟುಗಳನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು, ಎಂಜಿನ್ ಬಿಸಿಗೆ ಟೇಪಿನ ಅಂಟು ಇಳಿದು ಬೆರಳಿಗೆ ಜೇನಿನ ಹಾಗೆ ಮೆತ್ತುತ್ತಿತ್ತು. ಆದರೆ ಕಣ್ಣಿಗೆ ಕೊಳಕಾಗಿ ಕಂಡಿದ್ದೇ ತಪ್ಪು ಅಂತ ಕಿತ್ತುಹಾಕಲು ಹೋಗಲಿಲ್ಲ. ಮೊದಲು ಅಳತೆ.

ಎಂಜಿನ್ ಆಫ್, ಕೀ ಆನ್. ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಶರ್‌ನ ಲೈವ್ ರೀಡಿಂಗ್ ತೆರೆದೆ. ಪಂಪ್ ತಿರುಗುತ್ತಿಲ್ಲ, ಹಾಗಾಗಿ ಸೊನ್ನೆ ಇರಬೇಕು. ಇತ್ತು. ಕೈ ಚಾಚಿ ಹೆಡ್‌ಲೈಟ್ ಹಾಕಿದೆ. ಸೊನ್ನೆ ಇದ್ದದ್ದು ಸುಮಾರು 120 ಬಾರ್‌ಗೆ ಹಾರಿತು! ಆರಿಸಿದೆ, ಸೊನ್ನೆ. ಹಾಕಿದೆ, 120. ನಿಂತ ಎಂಜಿನ್‌ನಲ್ಲಿ ಎಲ್ಲಿಂದ ಬರಬೇಕು 120 ಬಾರ್? ನಾಲ್ಕೈದು ಸಲ ಹಾಗೇ ಮಾಡಿ ನೋಡಿದೆ. ಮೂರು ತಿಂಗಳಲ್ಲಿ ಮೊದಲ ಸಲ ಗಾಡಿ ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟಿತ್ತು.

ಇದರಲ್ಲಿದ್ದದ್ದು 1800 ಬಾರ್ ಸೆನ್ಸರ್. ಸೊನ್ನೆ ಒತ್ತಡಕ್ಕೆ 0.5 ವೋಲ್ಟ್, ಪೂರ್ತಿ ಒತ್ತಡಕ್ಕೆ 4.5 ವೋಲ್ಟ್. ಅಂದರೆ ಒಂದು ವೋಲ್ಟ್‌ಗೆ 450 ಬಾರ್. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸೆನ್ಸರ್‌ನ ಅರ್ತ್ ವೈರಿಗೆ ಇಟ್ಟೆ. ಲೈಟ್ ಇಲ್ಲದಾಗ ಹೆಚ್ಚುಕಮ್ಮಿ ಏನೂ ಇಲ್ಲ. ಲೈಟ್ ಹಾಕಿದರೆ 0.3 ವೋಲ್ಟ್. ವೋಲ್ಟ್‌ಗೆ 450 ಬಾರ್‌ನಂತೆ ಲೆಕ್ಕ ಹೆಚ್ಚುಕಮ್ಮಿ ಕೂಡಿಬಂತು.

ಆ ವೈರ್ ಹಿಡಿದುಕೊಂಡು ಹೋದರೆ ಬಾನೆಟ್ ಒಳಗಿನ ಒಂದು ಬೋಲ್ಟ್. ಅದೇ ಬೋಲ್ಟಿಗೆ ಹೆಡ್‌ಲೈಟಿನ ಅರ್ತ್, ವೈಪರಿನ ಅರ್ತ್. ಕೆಳಗೆ ಬಣ್ಣ ಕೆರೆದಿಲ್ಲ, ಸುತ್ತ ತುಕ್ಕು. ಎರಡು ಹೆಡ್‌ಲೈಟ್ ಸೇರಿ ಒಂಬತ್ತು ಆಂಪ್ಸ್ ಆ ತುಕ್ಕಿನ ಮೂಲಕವೇ ವಾಪಸ್ ಹೋಗಬೇಕು. ಆಗ ಆ ಬೋಲ್ಟೇ 0.3 ವೋಲ್ಟ್ ಮೇಲೇರುತ್ತಿತ್ತು, ಜೊತೆಗೆ ಸೆನ್ಸರೂ ಏರುತ್ತಿತ್ತು.

ಕಾಫಿ ತೂಗುವವರಿಗೆ ಇದು ಬೇಗ ಅರ್ಥವಾಗುತ್ತದೆ. ಖಾಲಿ ತಕ್ಕಡಿ ನಾಲ್ಕು ಕೆಜಿ ತೋರಿಸುತ್ತಿದ್ದರೆ, 50 ಅಂತ ತೂಗಿದ ಮೂಟೆಯಲ್ಲಿ 46 ಮಾತ್ರ ಇರುತ್ತದೆ. ಇಸಿಯು ಬೇಕಾದಷ್ಟು ಒತ್ತಡ ಬಂತು ಅಂದುಕೊಂಡು ಪಂಪನ್ನು ತಡೆಯುತ್ತಿತ್ತು. ನಿಜವಾಗಿ ರೈಲ್‌ನಲ್ಲಿ 120 ಬಾರ್ ಕಮ್ಮಿ. ಐಡಲ್‌ನಲ್ಲಿ ಇರುವ ಒತ್ತಡವೇ ಅಷ್ಟಕ್ಕಷ್ಟೆ, ಅದರಲ್ಲಿ ಇಷ್ಟು ಹೋದರೆ ಎಂಜಿನ್ ಉಳಿಯುವುದು ಹೇಗೆ? ಇಸಿಯು ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಕೋಡ್ ಬರದೇ ಇದ್ದದ್ದು ಅದಕ್ಕೇ.

ಸೆನ್ಸರ್‌ನ ಅರ್ತ್ ಗಾಡಿಯ ಮೈಗೆ ಸೇರಲೇಬಾರದು. ಇಸಿಯುನಲ್ಲೇ ಅದಕ್ಕೊಂದು ಪಿನ್ ಇದೆ. ಡಯಾಗ್ರಾಮ್ ನೋಡಿಕೊಂಡು ಇಸಿಯು ಕನೆಕ್ಟರಿನ ಹಿಂದೆ ಹುಡುಕಿದೆ. ಸಿಕ್ಕಿತು. ಮೂರು ಇಂಚಿನ ತುಂಡು, ಕಡಿದು, ತುದಿಗೆ ಅಚ್ಚುಕಟ್ಟಾಗಿ ಟೇಪ್ ಸುತ್ತಿ, ಹಿಂದಕ್ಕೆ ಮಡಚಿ ಇಟ್ಟಿದ್ದರು. ಕಂಪನಿಯವರು ಎಳೆದುಕೊಟ್ಟಿದ್ದ ಸರಿಯಾದ ವೈರ್ ಅಲ್ಲೇ ಇತ್ತು. ಯಾವುದಕ್ಕೆ ಅಂತ ಗೊತ್ತಾಗಿರಲಿಲ್ಲ, ಅಷ್ಟೇ. ಪ್ಲಸ್ ವೈರನ್ನು ಎಲ್ಲರೂ ಹುಷಾರಾಗಿ ಹಾಕುತ್ತಾರೆ. ಅರ್ತ್ ಅಂದರೆ ಸುಮ್ನೆ ಸಿಕ್ಕಿದ ಬೋಲ್ಟಿಗೆ ಬಿಗಿದರಾಯಿತು ಅನ್ನುವ ಯೋಚನೆ. ಇದೊಂದು ನನಗೆ ಸಹಿಸಲಾಗುವುದಿಲ್ಲ. ಹೋದ ಕರೆಂಟು ವಾಪಸ್ ಬರಬೇಕು, ಅಲ್ವಾ?

ಆ ತುಂಡಿಗೆ ಹೊಸ ವೈರ್ ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಹಾಕಿ, ಸೆನ್ಸರ್‌ವರೆಗೆ ಎಳೆದೆ. ಇಸಿಯುನ ಮುಖ್ಯ ಅರ್ತನ್ನು ನೇರ ಬ್ಯಾಟರಿಗೆ ಕೊಟ್ಟೆ. ಎಂಜಿನ್ ಬ್ಲಾಕಿನಿಂದ ಚಾಸಿಗೆ 25 ಸ್ಕ್ವೇರ್ ಎಂಎಂ ತಾಮ್ರದ ಪಟ್ಟಿ ಹಾಕಿದೆ. ಲೈಟಿನ ಬೋಲ್ಟ್ ಬಿಚ್ಚಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಬಳಿದೆ.

ಬಿಚ್ಚಿದ್ದಕ್ಕೆ ಇನ್ನೆರಡು ಹುಳುಕು ಸಿಕ್ಕವು. ಇಸಿಯುಗೆ ಪವರ್ ಕೊಟ್ಟಿದ್ದು ಸ್ಟಾರ್ಟ್ ಹೊಡೆಯುವಾಗ ಸತ್ತುಹೋಗುವ ಆಕ್ಸೆಸರಿ ವೈರಿನಿಂದ. ಅದನ್ನು ಸರಿದೂಗಿಸಲು ನೇರ ಬ್ಯಾಟರಿಯಿಂದ ಪವರ್ ಕೊಡುವ ಟಾಗಲ್ ಸ್ವಿಚ್ ಒಂದನ್ನು ಡ್ಯಾಶ್ ಕೆಳಗೆ ಇಟ್ಟಿದ್ದರು, ನಾನು ಅದನ್ನು ಆರಿಸಲು ಮರೆತ ದಿನ ಬ್ಯಾಟರಿ ಖಾಲಿ. ಸ್ವಿಚ್ ಕಿತ್ತು, ತಾನಾಗೇ ಆನ್ ಆಫ್ ಆಗುವ ರಿಲೇ ಕೂರಿಸಿದೆ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿ, ನಡುವೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. 87ನೇ ಪಿನ್ನಿನಿಂದ ಇಸಿಯು. ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ, ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್ ವೈರ್ ಅರ್ಧಕ್ಕೆ ಕಡಿದು ಮಾಮೂಲಿ ವೈರ್ ಸೇರಿಸಿದ್ದರು, ಅದೂ ಆಲ್ಟರ್ನೇಟರ್ ಕೇಬಲಿಗೆ ಕಟ್ಟಿ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಶೀಲ್ಡ್ ಕೇಬಲ್ ತರಿಸಿ ಅದನ್ನೂ ಬದಲಿಸಿದೆ.

ಶೆಡ್ಡಿನಲ್ಲಿ ಕೀ ಆನ್ ಮಾಡಿ ಹೆಡ್‌ಲೈಟ್, ಡಿಪ್ಪರ್, ವೈಪರ್, ಹಾರ್ನ್ ಎಲ್ಲ ಒಟ್ಟಿಗೆ ಹಾಕಿದೆ. ರೈಲ್ ಪ್ರೆಶರ್ ಸೊನ್ನೆಯಲ್ಲಿ ಗಟ್ಟಿಯಾಗಿ ನಿಂತಿತ್ತು. ಅಮ್ಮನನ್ನು ಕರೆದು ತೋರಿಸಿದೆ. ಅವರಿಗೆ ಸ್ಕ್ಯಾನರ್ ಬೇಕಿರಲಿಲ್ಲ, ಎಂಜಿನ್ ಸ್ಟಾರ್ಟ್ ಮಾಡು ಅಂದರು. ಲೈಟ್ ಉರಿಯುತ್ತಿದ್ದಾಗಲೇ ಮಾಡಿದೆ. ಸ್ವಲ್ಪ ಹೊತ್ತು ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು.

ಮರುದಿನ ಸಂಜೆ ಉಜಿರೆಗೆ ಹೋಗಿ, ಕತ್ತಲಾಗುವ ತನಕ ಕಾದು, ಘಾಟಿ ಹತ್ತಿಸಿದೆ. ಮಳೆ ಜೋರಾಗಿತ್ತು. ಮೂರನೇ ಗೇರಿನಲ್ಲಿ ಟರ್ಬೊ ಸಿಳ್ಳೆ ಹೊಡೆಯುತ್ತ ಎಳೆಯಿತು. ಹೊಸ ವೈರಿಂಗ್‌ನ ನಕ್ಷೆ ಬರೆದು ಲ್ಯಾಮಿನೇಟ್ ಮಾಡಿಸಿ ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ರಿವರ್ಸ್ ಲೈಟ್ ವೈರ್ ಮಾತ್ರ ಇನ್ನೂ ಕೆಂಪೇ ಇದೆ, ಈ ಭಾನುವಾರ ಬದಲಿಸಬೇಕು.