ಇದು ಧರ್ಮದ ಜಗಳವೋ, ಧರ್ಮದ ಹೆಸರಿನ ರಾಜಕೀಯವೋ?

ಲೋಕದ ಯಾವುದೋ ಮೂಲೆಯಲ್ಲಿ ಎರಡು ಸಮುದಾಯಗಳ ನಡುವೆ ಗುಂಡು ಹಾರಿತು ಅಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ದನಿಯಲ್ಲೇ ಅವರಿಗೆ ಬೇಕಾದ ಉತ್ತರವೂ ಇರುತ್ತದೆ. ಒಬ್ಬರಿಗೆ ಅದು ಸಾವಿರ ವರ್ಷದ ದ್ವೇಷ. ಇನ್ನೊಬ್ಬರಿಗೆ ಧರ್ಮ ಬರೀ ನೆಪ, ಒಳಗಿರುವುದೆಲ್ಲ ಎಣ್ಣೆ, ನೆಲ, ದುಡ್ಡು. ನನ್ನ ಉತ್ತರ ಇಬ್ಬರಿಗೂ ಸಪ್ಪೆ ಎನಿಸಬಹುದು. ಆ ಜಗಳದಲ್ಲಿ ಧರ್ಮ ಯಾವ ಕೆಲಸ ಮಾಡುತ್ತಿದೆ ಎಂದು ಹುಡುಕಿ. ಅದು ನಂಬಿಕೆಯಾಗಿ ಕೆಲಸ ಮಾಡುತ್ತಿದೆಯೋ, ಇಲ್ಲ ಮನೆ, ನೌಕರಿ, ಓಟು, ಅಧಿಕಾರ ಹಂಚುವ ಅರ್ಜಿಯಲ್ಲಿ ಒಂದು ಕಾಲಂ ಆಗಿ ಕೂತಿದೆಯೋ? ಬಹಳಷ್ಟು ಕಡೆ ಸಿಗುವುದು ಎರಡನೆಯದು. ಹಾಗಂತ ಅದು ನೆಪ ಅಲ್ಲ. ಕಾಲಂ ತುಂಬಿದ್ದರಿಂದಲೇ ಮನೆ ಸಿಕ್ಕವರೂ ಇದ್ದಾರೆ, ಜೀವ ಹೋದವರೂ ಇದ್ದಾರೆ.

ಹುಡುಕುವುದು ಹೇಗೆ? ಸುಲಭದ ಪರೀಕ್ಷೆ ಒಂದಿದೆ: ಯಾರ ಬೆನ್ನಿಗೆ ಯಾರು ನಿಂತಿದ್ದಾರೆ ನೋಡುವುದು. ಅಜರ್‌ಬೈಜಾನ್ ಶಿಯಾ ಬಹುಸಂಖ್ಯಾತ ದೇಶ, ಪಕ್ಕದ ಇರಾನೂ ಅದೇ. ಧರ್ಮವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಅರ್ಮೇನಿಯಾ ಜೊತೆಗಿನ ನಗೋರ್ನೊ-ಕರಾಬಖ್ ಪ್ರದೇಶದ ಜಗಳದಲ್ಲಿ ಇರಾನ್ ಕಣ್ಣುಮುಚ್ಚಿ ಅಜರ್‌ಬೈಜಾನಿನ ಪರ ಇರಬೇಕಿತ್ತು. ಆದರೆ ಅದು ಕ್ರೈಸ್ತ ಅರ್ಮೇನಿಯಾಕ್ಕೆ ಗ್ಯಾಸ್ ಕೊಟ್ಟು ವಿದ್ಯುತ್ ಪಡೆಯುತ್ತದೆ. ಅಜರ್‌ಬೈಜಾನಿಗೆ ಶಸ್ತ್ರಾಸ್ತ್ರ ಮಾರಿದ ಪ್ರಮುಖ ದೇಶಗಳಲ್ಲಿ ಇಸ್ರೇಲೂ ಒಂದು. ಇರಾನಿನ ವಾಯವ್ಯ ಭಾಗದಲ್ಲಿ ಅಜೆರಿ ಭಾಷಿಕರ ದೊಡ್ಡ ಜನಸಂಖ್ಯೆ ಇದೆ, ಗಡಿಯಾಚೆಗಿನ ಬಲಿಷ್ಠ ಅಜರ್‌ಬೈಜಾನ್ ಅವರನ್ನು ಸೆಳೆದೀತೆಂಬ ಅಳುಕು ಟೆಹರಾನಿಗಿದೆ. ಹಾಗಾಗಿ ಲೆಕ್ಕಕ್ಕೆ ಬಂದದ್ದು ಗಡಿಯ ಭಯವೇ ಹೊರತು ಪಂಗಡವಲ್ಲ.

ಇದು ಇಂದಿನ ಚಾಳಿಯೂ ಅಲ್ಲ. 1618ರಿಂದ 1648ರವರೆಗೆ ಯುರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧವನ್ನು ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಯುದ್ಧ ಎಂದೇ ಶಾಲೆಯಲ್ಲಿ ಓದುತ್ತೇವೆ. ಆಗ ಫ್ರಾನ್ಸಿನ ಆಡಳಿತ ನಡೆಸುತ್ತಿದ್ದವರು ರಿಶಲ್ಯೂ, ಸ್ವತಃ ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್. 1631ರಲ್ಲಿ ಪ್ರೊಟೆಸ್ಟೆಂಟ್ ಸ್ವೀಡನ್ನಿಗೆ ವರ್ಷವರ್ಷ ಹಣ ಕೊಡುವ ಒಪ್ಪಂದ ಮಾಡಿಕೊಂಡದ್ದು ಅವರ ಸರ್ಕಾರವೇ. ಸ್ಪೇನ್, ಆಸ್ಟ್ರಿಯಾ ಆಳುತ್ತಿದ್ದ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಮನೆತನ ಫ್ರಾನ್ಸನ್ನು ಸುತ್ತುವರಿದಿತ್ತು, ಅದನ್ನು ಮುರಿಯಬೇಕಿತ್ತು.

ಆದರೆ ಈ ಪರೀಕ್ಷೆಗೊಂದು ಮಿತಿ ಇದೆ, ಅದನ್ನು ಮರೆತವರು ದಾರಿ ತಪ್ಪುತ್ತಾರೆ. ಯಾರ ಬೆನ್ನಿಗೆ ಯಾರು ಎಂಬುದು ಸರ್ಕಾರಗಳ ಲೆಕ್ಕಾಚಾರವನ್ನು ತೋರಿಸುತ್ತದೆ, ಅಷ್ಟೇ. ಹಳ್ಳಿಯಲ್ಲಿ ಮನೆ ಸುಟ್ಟುಕೊಂಡವನ ಮನಸ್ಸಿನಲ್ಲಿ ಏನಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಇನ್ನೊಂದು ಪ್ರಶ್ನೆ ಬೇಕು: ಮೊದಲ ಹೆಣ ಬೀಳುವ ಮುಂಚೆ ಬೀದಿಗಿಳಿದ ಜನ ಕೇಳುತ್ತಿದ್ದುದೇನು? ಹಳೆಯ ಪೋಸ್ಟರು, ಮನವಿಪತ್ರಗಳನ್ನು ಹುಡುಕಿ ಓದಿದರೆ ಇದು ಗೊತ್ತಾಗುತ್ತದೆ. ರಕ್ತ ಹರಿದ ಮೇಲೆ ಎಲ್ಲರ ಬೇಡಿಕೆಯೂ ಬದಲಾಗಿರುತ್ತದೆ.

ಉತ್ತರ ಐರ್ಲೆಂಡನ್ನೇ ನೋಡಿ. ಸುಮಾರು 3,500 ಜನ ಸತ್ತ ಆ ಮೂರು ದಶಕಗಳ ಹಿಂಸೆಯನ್ನು ಜಗತ್ತು ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಜಗಳ ಎಂದಿತು. ಪೋಪರ ಅಧಿಕಾರದ ಬಗ್ಗೆಯೋ ಪ್ರಭುಭೋಜನದ ಅರ್ಥದ ಬಗ್ಗೆಯೋ ಅಲ್ಲಿ ಯಾರೂ ಬಂದೂಕು ಎತ್ತಿರಲಿಲ್ಲ. 1960ರ ದಶಕದ ಬೇಡಿಕೆ ಇದ್ದದ್ದು ‘ಒಬ್ಬನಿಗೆ ಒಂದು ಮತ’ ಎಂದು. ಅಲ್ಲಿ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದ್ದದ್ದು ಮನೆಯ ಒಡೆಯ ಅಥವಾ ಬಾಡಿಗೆದಾರ ಮತ್ತು ಅವರ ಗಂಡ ಅಥವಾ ಹೆಂಡತಿಗೆ. ಅಪ್ಪನ ಮನೆಯಲ್ಲಿರುವ ವಯಸ್ಕ ಮಗನಿಗೆ ಇಲ್ಲ, ಒಳಬಾಡಿಗೆಗೆ ಇರುವವರಿಗೆ ಇಲ್ಲ. ಕಂಪನಿ ಇದ್ದವರಿಗೆ ಹೆಚ್ಚುವರಿ ಮತಗಳೂ ಇದ್ದವು. ಸರ್ಕಾರಿ ಮನೆಗಳನ್ನು ಹಂಚುತ್ತಿದ್ದದ್ದು ಅದೇ ಕೌನ್ಸಿಲ್. ಅಂದರೆ ಒಂದು ಕುಟುಂಬಕ್ಕೆ ಮನೆ ಕೊಟ್ಟರೆ ಎರಡು ಮತ ಕೊಟ್ಟಂತೆ! ಕ್ಯಾಥೊಲಿಕರೇ ಹೆಚ್ಚಿದ್ದ ಡೆರಿ ನಗರದಲ್ಲಿ ವಾರ್ಡುಗಳ ಗಡಿಯನ್ನು ಹೇಗೆ ಎಳೆದಿದ್ದರೆಂದರೆ, ಬ್ರಿಟನ್ ಪರ ಯೂನಿಯನಿಸ್ಟರು (ಬಹುಪಾಲು ಪ್ರೊಟೆಸ್ಟೆಂಟರು) 12 ಸ್ಥಾನ ಗೆಲ್ಲುತ್ತಿದ್ದರು, ಎದುರಿನವರಿಗೆ 8 ಉಳಿಯುತ್ತಿತ್ತು. 1968ರ ಜೂನಿನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಕ್ಯಾಥೊಲಿಕ್ ಕುಟುಂಬಗಳು ಕಾದಿದ್ದ ಹಾಗೇ ಮದುವೆಯಾಗದ 19ರ ಪ್ರೊಟೆಸ್ಟೆಂಟ್ ಯುವತಿಗೆ ಮನೆ ಮಂಜೂರಾಯಿತು. ಶಾಸಕ ಆಸ್ಟಿನ್ ಕರಿ ಆ ಮನೆಯೊಳಗೇ ಹೋಗಿ ಕೂತು ಪ್ರತಿಭಟಿಸಿದರು. ಚಳವಳಿ ಕಾವೇರಿದ್ದು ಆ ಬೇಸಿಗೆಯಲ್ಲಿ.

ಹಾಗಾದರೆ ಧರ್ಮ ಎಲ್ಲಿ ಬಂತು? ಯಾರಿಗೆ ಮನೆ, ಯಾರಿಗೆ ಇಲ್ಲ ಎಂದು ಗುರುತಿಸುವ ಚೀಟಿಯಾಗಿ ಬಂತು. ಇವತ್ತಿಗೂ ಅಲ್ಲಿ ಹತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಸಮುದಾಯದ ಲೆಕ್ಕ ಇಡಬೇಕು, ತಾರತಮ್ಯ ನಡೆಯದಿರಲಿ ಎಂಬ ಉದ್ದೇಶಕ್ಕೆ. ಆ ಲೆಕ್ಕಕ್ಕೆ ನೌಕರರಿಂದ ತುಂಬಿಸುವ ಫಾರಂನ ಮಾತು ನನಗೆ ಇಡೀ ವಿಷಯದ ಸಾರ ಎನಿಸುತ್ತದೆ: ನೀವು ಧರ್ಮ ಪಾಲಿಸಿದರೂ ಬಿಟ್ಟರೂ ಇಲ್ಲಿ ಬಹುಪಾಲು ಜನರನ್ನು ಕ್ಯಾಥೊಲಿಕ್ ಇಲ್ಲವೇ ಪ್ರೊಟೆಸ್ಟೆಂಟ್ ಎಂದೇ ನೋಡಲಾಗುತ್ತದೆ, ಆದ್ದರಿಂದ ಟಿಕ್ ಮಾಡಿ ಎನ್ನುತ್ತದೆ ಅದು. ‘ಎರಡೂ ಅಲ್ಲ’ ಎಂದವರ ವಿಷಯದಲ್ಲಿ ಓದಿದ ಶಾಲೆಯಂಥ ಸುಳಿವಿನಿಂದ ಊಹಿಸಲು ಅವಕಾಶವಿದೆ. ನಾಸ್ತಿಕನಾದರೂ ಚೀಟಿ ತಪ್ಪದು.

ಸರ್ಕಾರಿ ದಾಖಲೆ ಒಂದು ಗುರುತನ್ನು ಹಿಡಿದಿಟ್ಟಿತೆಂದರೆ ಅದು ಗಟ್ಟಿಯಾಗುತ್ತದೆ. ರುವಾಂಡಾದ ಹುಟು, ಟುಟ್ಸಿ ಇಬ್ಬರೂ ಆಡುವುದು ಕಿನ್ಯರ್ವಾಂಡ ಭಾಷೆಯನ್ನೇ, 1994ರ ಹೊತ್ತಿಗೆ ಇಬ್ಬರಲ್ಲೂ ಕ್ಯಾಥೊಲಿಕರೇ ಹೆಚ್ಚಿದ್ದರು. 1930ರ ದಶಕದಲ್ಲಿ ಬೆಲ್ಜಿಯನ್ ಆಡಳಿತ ಗುರುತಿನ ಚೀಟಿಯಲ್ಲಿ ಜನಾಂಗವನ್ನು ನಮೂದಿಸಿತು. 1994ರ ಟುಟ್ಸಿ ನರಮೇಧದಲ್ಲಿ ರಸ್ತೆ ತಡೆದು ನಿಂತವರು ಕೇಳುತ್ತಿದ್ದದ್ದು ಅದೇ ಚೀಟಿಯನ್ನು. ‘ಧರ್ಮ ಒಂದೇ ಆಗಿದ್ದರೆ ಜಗಳವೇ ಇರುತ್ತಿರಲಿಲ್ಲ’ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಲೆಬನಾನಿನ ಕಥೆ ಬೇರೆ. ಅಲ್ಲಿ ಹಂಚಿಕೆಯೇ ಶಾಂತಿಯ ಸೂತ್ರವಾಯಿತು. 1943ರ ಒಡಂಬಡಿಕೆಯಿಂದ ರಾಷ್ಟ್ರಾಧ್ಯಕ್ಷ ಮರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಸಂಸತ್ತಿನಲ್ಲಿ ಐದು ಮುಸ್ಲಿಂ ಸ್ಥಾನಕ್ಕೆ ಆರು ಕ್ರೈಸ್ತ ಸ್ಥಾನ. ಈ ಅನುಪಾತಕ್ಕೆ ಆಧಾರ 1932ರ ಜನಗಣತಿ. ಆಮೇಲೆ ಅಲ್ಲಿ ಅಧಿಕೃತ ಜನಗಣತಿಯೇ ಆಗಿಲ್ಲ. ತಲೆ ಎಣಿಸಿದರೆ ಕುರ್ಚಿ ಅಲುಗುತ್ತದಲ್ಲ! 1975ರಿಂದ 1990ರವರೆಗೆ ಅಂತರ್ಯುದ್ಧ ನಡೆಯಿತು, 1989ರ ತಾಯಿಫ್ ಒಪ್ಪಂದ ಅನುಪಾತವನ್ನು ಸಮಪಾಲು ಮಾಡಿತು. ಇವತ್ತು 128 ಸ್ಥಾನಗಳಲ್ಲಿ 64 ಕ್ರೈಸ್ತರಿಗೆ, 64 ಮುಸ್ಲಿಮರಿಗೆ. ಮದುವೆ, ವಿಚ್ಛೇದನೆ ಆಯಾ ಪಂಗಡದ ನ್ಯಾಯಾಲಯದ ಕೈಯಲ್ಲಿವೆ. ಹಾಗಾಗಿ ಧರ್ಮದ ಗೊಡವೆ ಬೇಡವೆನ್ನುವ ಎಷ್ಟೋ ಜೋಡಿಗಳು ಸೈಪ್ರಸ್ಸಿಗೆ ಹೋಗಿ ಸಿವಿಲ್ ಮದುವೆಯಾಗಿ ಬಂದು ನೋಂದಾಯಿಸುತ್ತಾರೆ.

ಒಂದು ಗುರುತಿನ ಜಗಳ ಮುಗಿದರೆ ಇನ್ನೊಂದು ಮೇಲೇಳುವುದೂ ಇದೆ. ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳನ್ನು ಒಂದುಗೂಡಿಸಿದ್ದು ಧರ್ಮ. 1952ರ ಫೆಬ್ರುವರಿ 21ರಂದು ಢಾಕಾದಲ್ಲಿ ಗುಂಡಿಗೆ ಬಲಿಯಾದವರು ಬಾಂಗ್ಲಾ ಭಾಷೆಗಾಗಿ ಬೀದಿಗಿಳಿದವರು. 1971ರಲ್ಲಿ ದೇಶವೇ ಒಡೆಯಿತು. ದಕ್ಷಿಣ ಸುಡಾನಿನ ಹೋರಾಟವನ್ನು ಮುಸ್ಲಿಂ ಉತ್ತರ, ಕ್ರೈಸ್ತ ದಕ್ಷಿಣ ಎಂದು ಬಣ್ಣಿಸುತ್ತಿದ್ದರು. 2011ರಲ್ಲಿ ಸ್ವಾತಂತ್ರ್ಯ ಬಂತು, 2013ರ ಡಿಸೆಂಬರಿನಲ್ಲಿ ಅದೇ ದಕ್ಷಿಣದ ಡಿಂಕಾ, ನ್ಯುಯೆರ್ ಬುಡಕಟ್ಟುಗಳ ಪಡೆಗಳು ತಮ್ಮತಮ್ಮಲ್ಲೇ ಬಡಿದಾಡಿದವು.

ಇಷ್ಟು ಹೇಳಿದ ಮೇಲೆ ‘ನೋಡಿ, ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ’ ಎಂದು ಖುಷಿಪಡುವವರಿಗೂ ಒಂದು ಮಾತು. ನಂಬಿಕೆಯೇ ನೇರವಾಗಿ ಕೆಲಸ ಮಾಡುವ ಜಾಗ ಒಂದಿದೆ, ಪವಿತ್ರ ಸ್ಥಳ. ನೆಲವನ್ನು ಹಂಚಬಹುದು, ಎಣ್ಣೆಯ ಆದಾಯವನ್ನು ಶೇಕಡಾವಾರು ಹಂಚಬಹುದು; ದೇವರು ಇಳಿದ ಬಂಡೆಯನ್ನು ಅರ್ಧ ಮಾಡಲಾಗದು. 2000ದ ಜುಲೈನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದುಬೀಳಲು ಮುಖ್ಯ ಕಾರಣಗಳಲ್ಲಿ ಯಹೂದಿಗಳಿಗೂ ಮುಸ್ಲಿಮರಿಗೂ ಪವಿತ್ರವಾದ ಜೆರುಸಲೇಮಿನ ದಿಬ್ಬವೂ ಒಂದು. ಮೇಲ್ಭಾಗದ ಒಡೆತನ ಒಬ್ಬರಿಗೆ, ನೆಲದಡಿಯದು ಇನ್ನೊಬ್ಬರಿಗೆ ಎಂಬ ಸಲಹೆಗಳೂ ಆ ಕಾಲದ ಮಾತುಕತೆಗಳಲ್ಲಿ ಬಂದಿದ್ದವು, ಫಲಿಸಲಿಲ್ಲ.

ಇಂಥ ಕಡೆ ಉಪಯೋಗಕ್ಕೆ ಬರುವುದು ಒಡೆತನದ ಪ್ರಶ್ನೆಯನ್ನು ಎತ್ತದೆ ಬಳಕೆಯನ್ನು ಮಾತ್ರ ಬಿಡಿಬಿಡಿಯಾಗಿ ನಿಗದಿ ಮಾಡುವ ವ್ಯವಸ್ಥೆ. ಜೆರುಸಲೇಮ್ ಮತ್ತು ಬೆತ್ಲೆಹೇಮಿನ ದೊಡ್ಡ ಚರ್ಚುಗಳಲ್ಲಿ ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್ ಪಂಗಡಗಳ ಪಾಲನ್ನು 1852ರ ಒಟ್ಟೊಮನ್ ಫರ್ಮಾನು ಇದ್ದಂತೆಯೇ ಇರಲಿ ಎಂದು ಕಟ್ಟಿಹಾಕಿತು. ದೀಪ ಯಾರದು, ಪೂಜೆಯ ಹೊತ್ತು ಯಾರದು, ಯಾವ ಮೂಲೆ ಯಾರು ಗುಡಿಸಬೇಕು ಎಲ್ಲವೂ ನಿಗದಿ. ಅಲ್ಲಿ ಗುಡಿಸುವುದೂ ಹಕ್ಕಿನ ಪುರಾವೆ, ಅದಕ್ಕೇ 2011ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಚರ್ಚು ಸ್ವಚ್ಛ ಮಾಡುವಾಗ ಗ್ರೀಕ್ ಮತ್ತು ಅರ್ಮೇನಿಯನ್ ಪಾದ್ರಿಗಳು ಪೊರಕೆ ಹಿಡಿದು ಹೊಡೆದಾಡಿದರು. ನಗು ಬರುತ್ತದೆ ನಿಜ. ಆದರೆ ವ್ಯವಸ್ಥೆ ಒಂದೂವರೆ ಶತಮಾನ ದಾಟಿಯೂ ನಿಂತಿದೆ.

ಕೊನೆಗೆ ನೋಡಬೇಕಾದ್ದು ಶಾಂತಿ ಒಪ್ಪಂದದ ಪಠ್ಯ. ಅದರಲ್ಲಿ ಪೂಜೆಯ ಹಕ್ಕಿನ ಬಗ್ಗೆ ಎಷ್ಟು ಪುಟ, ಪೊಲೀಸು, ಸೀಟು, ಗಡಿ, ಕೈದಿಗಳ ಬಗ್ಗೆ ಎಷ್ಟು ಪುಟ ಎಂದು ಎಣಿಸಿದರೆ ಜಗಳ ಯಾವುದರದ್ದೆಂದು ಗೊತ್ತಾಗುತ್ತದೆ. 1998ರ ಏಪ್ರಿಲ್ 10ರ ಉತ್ತರ ಐರ್ಲೆಂಡ್ ಒಪ್ಪಂದ ಅಲ್ಲಿನವರಿಗೆ ಐರಿಶ್, ಬ್ರಿಟಿಷ್ ಅಥವಾ ಎರಡೂ ಆಗಿರುವ ಹಕ್ಕು ಕೊಟ್ಟಿತು. 1995ರ ಡೇಟನ್ ಒಪ್ಪಂದ ಬೋಸ್ನಿಯಾದಲ್ಲಿ ಬೇರೆ ದಾರಿ ಹಿಡಿಯಿತು. ಅಧ್ಯಕ್ಷ ಮಂಡಳಿಯಲ್ಲಿ ಮೂವರು: ಒಬ್ಬ ಬೋಸ್ನಿಯಾಕ್ (ಬಹುಪಾಲು ಮುಸ್ಲಿಮರು), ಒಬ್ಬ ಕ್ರೊಯೇಟ್ (ಕ್ಯಾಥೊಲಿಕರು), ಒಬ್ಬ ಸರ್ಬ್ (ಆರ್ಥೊಡಾಕ್ಸ್ ಕ್ರೈಸ್ತರು). ಯುದ್ಧ ನಿಂತಿತು. ಆದರೆ ಈ ಮೂರಕ್ಕೂ ಸೇರದವರು ಆ ಹುದ್ದೆಗೆ ಸ್ಪರ್ಧಿಸುವಂತಿಲ್ಲ. ರೋಮಾ ಸಮುದಾಯದ ಡೆರ್ವೊ ಸೆಜ್ದಿಚ್, ಯಹೂದಿ ಯಾಕೋಬ್ ಫಿಂಚಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಗೆದ್ದರು. 2014ರಲ್ಲಿ ಅಜ್ರಾ ಜೊರ್ನಿಚ್ ಗೆದ್ದರು. ಯಾವ ಪಂಗಡವನ್ನೂ ಬರೆಯಲೊಪ್ಪದೆ, ತಾನು ಬೋಸ್ನಿಯಾದ ಪ್ರಜೆ ಅಷ್ಟೇ ಎಂದವರು ಅವರು. 2022ರ ಚುನಾವಣೆಯೂ ಹಳೆಯ ನಿಯಮದಲ್ಲೇ ನಡೆಯಿತು.