ಹಸುಗೆ ಮೇಲಿನ ಹಲ್ಲಿಲ್ಲ ಮಿಸ್!

"ಇಲಿ ಕಿವಿ ದೊಡ್ಡದೋ, ಆನೆ ಕಿವಿ ದೊಡ್ಡದೋ?"

"ಇಲೀದು" ಅಂದಳು ಒಂದನೇ ತರಗತಿಯ ಹುಡುಗಿ. ನಾನು "ತಪ್ಪು, ಸರಿಯಾಗಿ ನೋಡು" ಅಂದೆ. ಅವಳು ಸರಿಯಾಗಿಯೇ ನೋಡಿದ್ದಳು. ಎರಡು ಕಾರ್ಡೂ ಅಂಗೈಯಗಲ. ಒಂದರ ತುಂಬ ಆನೆ, ಇನ್ನೊಂದರ ತುಂಬ ಇಲಿ. ಇಲಿಗೆ ಪೂರಿಯಂಥ ಎರಡು ಕಿವಿ ಬರೆದಿದ್ದರು. ಆನೆ ಪಕ್ಕಕ್ಕೆ ತಿರುಗಿ ನಿಂತಿತ್ತು.

ನಮ್ಮದು ಬಯಲುಸೀಮೆಯ ಚಿಕ್ಕ ಸರ್ಕಾರಿ ಶಾಲೆ. ನನ್ನದು ನಲಿ-ಕಲಿ ಕೋಣೆ. 1ರಿಂದ 3ನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ನೆಲದ ಮೇಲೆ ತಟ್ಟೆಗಳಲ್ಲಿ ಕೂರುತ್ತಾರೆ (ಊಟದ ತಟ್ಟೆ ಅಲ್ಲ, ಗುಂಪಿಗೆ ನಾವು ಹಾಗನ್ನುತ್ತೇವೆ). 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕಾರ್ಡಿಲ್ಲದೆ ಕೆಲಸವೇ ಸಾಗುವುದಿಲ್ಲ. ಆದರೆ ಆ ಪ್ರಾಣಿ ಕಾರ್ಡುಗಳನ್ನು ಪೇಟೆಯಿಂದ ಕೊಂಡು ತಂದವಳು ನಾನೇ. ಬಣ್ಣ ನೋಡಿ ತಂದೆ, ಅಳತೆ ನೋಡಲಿಲ್ಲ.

ಮರುದಿನ ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ ಎರಡು ಮೊರ ಕೇಳಿ ತಂದೆ. ಮೊರದಗಲ ಕಿವಿ ಅಂತ ಬಾಯಲ್ಲಿ ಸುಮ್ನೆ ಅಂದುಬಿಡುತ್ತೇವೆ. ಒಬ್ಬ ಹುಡುಗ ನಿಜಕ್ಕೂ ಕಿವಿಗೊಂದು ಮೊರ ಹಿಡಿದು ನಿಂತಾಗ ಕೋಣೆಯೆಲ್ಲ ಕೇಕೆ. ಇಲಿ ಕಿವಿಗೆ ಹೆಬ್ಬೆರಳ ಉಗುರು ಸಾಕಾಯಿತು. ಆನೆಯಾದವನು ಮೊರ ಅಲ್ಲಾಡಿಸಿದ. ಮುಂದೆ ಕೂತವರ ಕೂದಲು ಹಾರಿತು. "ತಂಪಾಗ್ತದೆ ಮಿಸ್!" ಆನೆ ಕಿವಿ ಬೀಸುವುದೂ ಅದಕ್ಕೇ ಅಂದೆ. ಆ ತೆಳು ಕಿವಿಯ ತುಂಬ ರಕ್ತನಾಳಗಳಿವೆ, ಬೀಸಿದಾಗ ರಕ್ತ ತಣ್ಣಗಾಗುತ್ತದೆ.

ಆ ಹುಡುಗಿ ಮಾತ್ರ ಸೋಲಲಿಲ್ಲ. "ಆದ್ರೂ ಇಲಿ ಮುಖಕ್ಕೆ ಅದರ ಕಿವಿ ದೊಡ್ಡದೇ." ಅದೂ ಹೌದಲ್ವಾ? ಈಗ ನಾನು ಬರೀ "ಯಾವುದು ದೊಡ್ಡದು" ಅಂತ ಕೇಳುವುದಿಲ್ಲ. "ಯಾರ ಮೈಗೆ?" ಅಂತಲೂ ಕೇಳುತ್ತೇನೆ.

ಇನ್ನೊಂದು ಆಟ ಆಡಿಸುತ್ತೇನೆ. ಮಗು ಎದ್ದು ತನ್ನ ಮೈಯಲ್ಲಿ ಏನಾದರೊಂದನ್ನು ಮುಟ್ಟಿ ತೋರಿಸಬೇಕು, ಅದು ಯಾವ ಪ್ರಾಣಿಗೆ ಇದೆ, ಯಾವುದಕ್ಕಿಲ್ಲ ಅಂತ ಹೇಳಬೇಕು. ಬಾಲದ ಮಾತು ಬಂದರೆ ಎಲ್ಲರೂ ಹಿಂದೆ ಮುಟ್ಟಿ ನೋಡಿಕೊಳ್ಳುತ್ತಾರೆ. ಒಂದು ದಿನ, ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದ ಹುಡುಗನೊಬ್ಬ ಬಾಯಿ ಅಗಲಿಸಿ ನಿಂತ. "ನಂಗೂ ಮೇಲಿನ ಹಲ್ಲಿಲ್ಲ, ಹಸುಗೂ ಇಲ್ಲ."

ನಾನು ಪೇಟೆಯಲ್ಲಿ ಬೆಳೆದವಳು. "ಹಲ್ಲಿಲ್ಲದೆ ಹುಲ್ಲು ಹೇಗೆ ತಿನ್ನುತ್ತೋ?" ಅಂತ ನಕ್ಕುಬಿಟ್ಟೆ. ಅರ್ಧ ತರಗತಿ ಅವನ ಕಡೆ ನಿಂತಿತು. ಊಟದ ಹೊತ್ತಿಗೆ ಮೆರವಣಿಗೆ ಹೊರಟಿತು. ಶಾಲೆ ಗೋಡೆಯಾಚೆಯೇ ಅವನ ಮನೆ. ಅವನ ತಾತ ಹಸುವಿನ ತುಟಿ ಎತ್ತಿ "ನೋಡಿ ಮೇಡಂ" ಅಂದರು. ಕೆಳಗೆ ಮುಂದೆ ಎಂಟು ಹಲ್ಲು. ಮೇಲೆ ಮುಂದೆ ಬರೀ ಗಟ್ಟಿ ವಸಡು. ದವಡೆ ಹಲ್ಲು ಮಾತ್ರ ಮೇಲೂ ಕೆಳಗೂ ಇದ್ದವು. ತಾತ ಅಷ್ಟಕ್ಕೇ ಬಿಡಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರಾಸಿನ ವಯಸ್ಸು ಹೇಳುವುದೇ ಹಲ್ಲಿನ ಲೆಕ್ಕದಲ್ಲಂತೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು. ಎಂಟೂ ಬಂದರೆ ಬಾಯ್ಗೂಡಿತು, ಅಂದರೆ ಹಲ್ಲೆಲ್ಲ ಪೂರ್ತಿ ಬಂತು. ಮಕ್ಕಳು ಎರಡರ ಮಗ್ಗಿ ಅಷ್ಟು ಗಮನ ಕೊಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ.

ವಾಪಸು ಬಂದು ಆಟ ಕಟ್ಟಿದೆವು. ಮೇಲ್ತುಟಿಯಿಂದ ಮುಂದಿನ ಹಲ್ಲು ಮುಚ್ಚಿಕೊಂಡು ಸೌತೆಕಾಯಿ ಹೋಳು ಕಡಿಯಬೇಕು. ಎಲ್ಲರ ಬಾಯಲ್ಲೂ ಜೊಲ್ಲು. ಹಲ್ಲಿಲ್ಲದ ಹುಡುಗ ಮಾತ್ರ ಹೋಳನ್ನು ಪಕ್ಕಕ್ಕೆ ತಳ್ಳಿ ಸಲೀಸಾಗಿ ಕಡಿದ. ಅವನಿಗೆ ತಿಂಗಳಿಂದ ಅಭ್ಯಾಸವಾಗಿತ್ತು. ಹಸು ಏನು ಮಾಡುತ್ತದೆ ಅಂತ ಮರುದಿನ ಮಕ್ಕಳೇ ನೋಡಿಕೊಂಡು ಬಂದರು. ನಾಲಿಗೆ ಸುತ್ತಿ ಹುಲ್ಲನ್ನು ಒಳಗೆಳೆದುಕೊಂಡು, ಕತ್ತು ಜಗ್ಗಿ ಕಿತ್ತುಕೊಳ್ಳುತ್ತದೆ. ಅದನ್ನು ಅಭಿನಯಿಸಲು ಹೋಗಿ ಇಬ್ಬರು ತಲೆ ಡಿಕ್ಕಿ ಹೊಡೆದುಕೊಂಡರು.

ನಾಚಿಕೆಯ ವಿಷಯ ಇನ್ನೊಂದಿದೆ. ಕೋಳಿಯ ಮಂಡಿ ಹಿಂದಕ್ಕೆ ಮಡಚುತ್ತದೆ ಅಂತ ಎರಡು ವರ್ಷ ಹೇಳಿಕೊಟ್ಟಿದ್ದೆ. ಊರಿಗೆ ಲಸಿಕೆ ಹಾಕಲು ಬಂದ ಪಶುವೈದ್ಯರು ತಿದ್ದಿದರು. ಅದು ಮಂಡಿಯಲ್ಲ, ಹಿಮ್ಮಡಿ. ಮಂಡಿ ಮೇಲೆ ಗರಿಯೊಳಗೆ ಇರುತ್ತದೆ, ಕೋಳಿ ನಡೆಯುವುದೇ ಬೆರಳ ಮೇಲೆ. ಹಳೆಯ ಮಕ್ಕಳನ್ನು 4ನೇ ತರಗತಿಯಿಂದ ಕರೆಸಿ, ಎಲ್ಲರನ್ನೂ ತುದಿಗಾಲಲ್ಲಿ ಅಂಗಳ ಸುತ್ತಿಸಿದೆ. "ಈಗ ನಿಮ್ಮ ಹಿಮ್ಮಡಿ ಎಲ್ಲಿದೆ?" ಅಂದರೆ ಬಗ್ಗಿ ನೋಡಿ ಬಿದ್ದರು.

ಮೊರ ಈಗಲೂ ಆಗಾಗ ತರುತ್ತೇನೆ, ಅಡುಗೆ ಅಕ್ಕ ಗೊಣಗುತ್ತಾ ಕೊಡುತ್ತಾರೆ. ಕಾರ್ಡುಗಳನ್ನು ಎಸೆದಿಲ್ಲ. ಹೆಸರು ಓದುವುದಕ್ಕೆ ಬೇಕಾಗುತ್ತವೆ.

ಮೊನ್ನೆ ಆ ಹುಡುಗ ಬೆಳಗಿನ ಪ್ರಾರ್ಥನೆಗೂ ಮೊದಲೇ ಓಡಿಬಂದು ತುಟಿ ಎತ್ತಿ ತೋರಿಸಿದ. ವಸಡಿನಲ್ಲಿ ಅಕ್ಕಿಕಾಳಷ್ಟು ಬಿಳಿ. "ನಾನಿನ್ನು ಹಸು ಅಲ್ಲ ಮಿಸ್."