ಒಂದೇ ಸಾಲಿನಲ್ಲಿ ಬರೆದ ಭೇಟಿಯ ಹಕ್ಕು

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿದ ಹೊಸತರಲ್ಲಿ, ವಿಚ್ಛೇದನ ಪ್ರಕರಣವೊಂದರ ಜಂಟಿ ಮೆಮೊವನ್ನು, ಅಂದರೆ ಇಬ್ಬರೂ ಒಪ್ಪಿ ನ್ಯಾಯಾಲಯಕ್ಕೆ ಸಲ್ಲಿಸುವ ರಾಜಿ ಪತ್ರವನ್ನು, ನಾನು ಬರೆದಿದ್ದೆ. ಮಗುವಿನ ಜೀವನಾಂಶದ ಮೊತ್ತ, ಅದು ಜಮೆಯಾಗಬೇಕಾದ ತಾರೀಖು, ಬ್ಯಾಂಕ್ ಖಾತೆ, ಶಾಲೆಯ ಶುಲ್ಕ ಇವೆಲ್ಲಕ್ಕೆ ಅರ್ಧ ಪುಟ ಕೊಟ್ಟವನು, ಭೇಟಿಯ ವಿಷಯವನ್ನು ‘ತಂದೆಯು ಪರಸ್ಪರ ಅನುಕೂಲ ನೋಡಿಕೊಂಡು ತಿಂಗಳಿಗೆ ಎರಡು ಬಾರಿ ಮಗುವನ್ನು ಕಾಣತಕ್ಕದ್ದು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅಂತೂ ರಾಜಿಯಾಯಿತಲ್ಲ ಎಂಬ ನಿರಾಳದಲ್ಲಿ ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ.

ನಾಲ್ಕು ತಿಂಗಳ ನಂತರ ನನ್ನ ಕಕ್ಷಿದಾರರಾದ ತಂದೆ ಕಚೇರಿಗೆ ಬಂದರು. ಒಂದು ಭಾನುವಾರ ಪರೀಕ್ಷೆ, ಇನ್ನೊಂದು ಭಾನುವಾರ ಜ್ವರ, ಮತ್ತೊಂದು ಭಾನುವಾರ ನೆಂಟರ ಮದುವೆ. ಹೀಗೆ ಅವರು ಮಗಳನ್ನು ಕಂಡದ್ದು ಒಂದೇ ಬಾರಿ. ಕೈಯಲ್ಲಿದ್ದ ಚೀಲದಿಂದ ಅವಳ ಹುಟ್ಟುಹಬ್ಬಕ್ಕೆಂದು ಕೊಂಡಿದ್ದ ಬೂಟುಗಳನ್ನು ತೆಗೆದು ಮೇಜಿನ ಮೇಲಿಟ್ಟು, ‘ಇವು ಈಗ ಅವಳ ಕಾಲಿಗೆ ಆಗುತ್ತವೋ ಇಲ್ಲವೋ’ ಎಂದರು. ಮಗಳನ್ನು ತೋರಿಸದವರಿಗೆ ಹಣವೇಕೆ ಎಂದು ಎರಡು ತಿಂಗಳ ಜೀವನಾಂಶವನ್ನು ನಿಲ್ಲಿಸಿಯೂ ಬಿಟ್ಟಿದ್ದರು.

ಆ ಹಣ ತಾಯಿಯದ್ದಲ್ಲ, ಮಗುವಿನದ್ದು ಎಂದು ತಿಳಿಹೇಳಲು ಒಂದು ಗಂಟೆ ಹಿಡಿಯಿತು. ಬಾಕಿಗಾಗಿ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸಲು ಹಾಕುವ ಅರ್ಜಿ) ಬಿದ್ದರೆ ಸಂಬಳವೇ ಜಪ್ತಿಯಾಗಬಹುದು. ಆದೇಶವು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅಡಿಯದ್ದಾದರೆ (2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ) ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಭೇಟಿ ತಪ್ಪಿತೆಂಬುದು ಇದಕ್ಕೆ ಉತ್ತರವಾಗದು. ಹಾಗೆಯೇ, ಹಣ ಬರಲಿಲ್ಲವೆಂದು ಮಗುವನ್ನು ತಡೆಹಿಡಿಯುವುದಕ್ಕೂ ಕಾನೂನಿನ ಬೆಂಬಲವಿಲ್ಲ.

ತಾಯಿಯನ್ನು ನಾನು ಪೂರ್ತಿ ದೂರಲಾರೆ. ಆ ಒಂದೇ ಭೇಟಿಯಲ್ಲಿ ತಂದೆ ಮಗುವನ್ನು ಮರಳಿ ತಂದದ್ದು ರಾತ್ರಿ ಒಂಬತ್ತಕ್ಕೆ. ಎಷ್ಟು ಗಂಟೆಗೆ ತರಬೇಕೆಂದು ಮೆಮೊದಲ್ಲಿ ಇರಲೇ ಇಲ್ಲ. ಅದೂ ಅಲ್ಲದೆ, ‘ಪರಸ್ಪರ ಅನುಕೂಲ’ ಎಂದು ಬರೆದಾಗ ಅನುಕೂಲವೆಲ್ಲ ಮಗು ಯಾರ ಮನೆಯಲ್ಲಿದೆಯೋ ಅವರದ್ದೇ ಆಗುತ್ತದೆ.

ಮಗುವಿನ ಪೋಷಣೆ, ಶಿಕ್ಷಣ, ಸುಪರ್ದಿಗೆ (ಮಗು ಯಾರ ವಶದಲ್ಲಿರಬೇಕೆಂಬುದಕ್ಕೆ) ಸಂಬಂಧಿಸಿದ ಆದೇಶವನ್ನು ಡಿಕ್ರಿಯ, ಅಂದರೆ ಅಂತಿಮ ತೀರ್ಪಿನ, ನಂತರವೂ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅವಕಾಶ ಕೊಡುತ್ತದೆ. ಬಾಕಿ ಕಟ್ಟಿಸಿ, ಆ ಕಲಮಿನ ಅಡಿ ಅರ್ಜಿ ಹಾಕಿದೆವು. ಹೊಸ ಮೆಮೊ ಎರಡು ಪುಟವಾಯಿತು: ಮೊದಲ ಮತ್ತು ಮೂರನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಮಗುವನ್ನು ಒಪ್ಪಿಸುವ ಸ್ಥಳ ಅಜ್ಜಿಯ ಮನೆಯ ಗೇಟು, ಜ್ವರ ಬಂದರೆ ಅದರ ಮುಂದಿನ ಶನಿವಾರ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧರ್ಧ. ಸುಪರ್ದಿ ಸಿಗದ ಪೋಷಕರು ದಿನಕ್ಕೆ ಐದು-ಹತ್ತು ನಿಮಿಷವಾದರೂ ಮಗುವಿನೊಡನೆ ಮಾತನಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಈಗ ನಾನು ಬರೆಯುವ ಮೆಮೊಗಳಲ್ಲಿ ವಿಡಿಯೊ ಕರೆಯ ಸಮಯವೂ ಇರುತ್ತದೆ. ಇದೇನು ಬಸ್ಸಿನ ವೇಳಾಪಟ್ಟಿಯೇ ಎಂದು ಹಿರಿಯರೊಬ್ಬರು ನಕ್ಕದ್ದುಂಟು.

ಅಷ್ಟೆಲ್ಲ ಬರೆದರೂ ವರ್ಗಾವಣೆಯ ಮಾತು ಮರೆತಿದ್ದೆ. ಮರುವರ್ಷ ನನ್ನ ಕಕ್ಷಿದಾರರಿಗೆ ಕಲಬುರಗಿಗೆ ವರ್ಗವಾದಾಗ ಮತ್ತೊಂದು ಅರ್ಜಿ ಹಾಕಬೇಕಾಯಿತು.